ಮಾರಾ ನದಿಯ ದಡದಲ್ಲಿ ಕ್ಯಾಮೆರಾ: ಎಷ್ಟು ಹತ್ತಿರ ಹೋಗಬೇಕು?

ಪ್ರಶ್ನೆ: ನಾನು ಉಡುಪಿಯ ಬಳಿ ನೆಲೆಸಿರುವ ಬ್ಯಾಂಕ್ ನೌಕರ. ಎಂಟು ವರ್ಷಗಳಿಂದ ಮಲ್ಪೆ, ಕೆಮ್ಮಣ್ಣು ಮತ್ತು ಸೀತಾನದಿಯ ಆಸುಪಾಸಿನಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದೇನೆ. ಮುಂದಿನ ಆಗಸ್ಟ್‌ನಲ್ಲಿ ಮೂವರು ಗೆಳೆಯರೊಂದಿಗೆ ಕೆನ್ಯಾದ ಮಸಾಯಿ ಮಾರಾಕ್ಕೆ ಹೋಗಿ, ದನದಂತೆ ಕಾಣುವ ದೊಡ್ಡ ಹುಲ್ಲೆಗಳಾದ ವಿಲ್ಡೆಬೀಸ್ಟ್‌ಗಳು ಮೊಸಳೆಗಳಿರುವ ನದಿಯನ್ನು ದಾಟುವ ದೃಶ್ಯವನ್ನು ಸೆರೆಹಿಡಿಯಬೇಕೆಂದಿದ್ದೇನೆ. ನನ್ನಲ್ಲಿರುವುದು ಎಪಿಎಸ್-ಸಿ ಎಂಬ ಚಿಕ್ಕ ಗಾತ್ರದ ಸೆನ್ಸರಿನ 24 ಮೆಗಾಪಿಕ್ಸೆಲ್ ಕ್ಯಾಮೆರಾ ಮತ್ತು 100-400 ಮಿ.ಮೀ. ಲೆನ್ಸ್. ಇದು ಸಾಕೇ, 600 ಮಿ.ಮೀ. ಲೆನ್ಸ್ ಕೊಳ್ಳಬೇಕೇ? ಎಷ್ಟು ದಿನ ಇಟ್ಟುಕೊಳ್ಳಬೇಕು? ಅಲ್ಲಿಗೆ ಹೋಗಿಬಂದ ಪರಿಚಿತರೊಬ್ಬರು, ಚಾಲಕನಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೆ ದಡದ ಅಂಚಿಗೇ ಒಯ್ಯುತ್ತಾನೆ, ಮೊಸಳೆ ಹಿಡಿಯುವ ಕ್ಷಣವೂ ಸಿಗುತ್ತದೆ ಎನ್ನುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ತೊಡಗುತ್ತೇನೆ, ಏಕೆಂದರೆ ಲೆನ್ಸ್, ಬೆಳಕು, ದಿನಗಳ ಲೆಕ್ಕ ಎಲ್ಲವೂ ಅದಕ್ಕೆ ಅಂಟಿಕೊಂಡಿವೆ. ಹಣ ಕೊಟ್ಟು ದಡದ ಅಂಚಿಗೆ ಹೋಗಬೇಡಿ. ಅದು ಅಭಯಾರಣ್ಯದ ಶಿಸ್ತಿಗೆ ವಿರುದ್ಧವೆಂಬುದು ಒಂದು ಕಾರಣ. ಆದರೆ ನೀವು ಛಾಯಾಗ್ರಾಹಕರಾಗಿ ಕೇಳಿದ್ದೀರಿ, ಆದ್ದರಿಂದ ಛಾಯಾಗ್ರಾಹಕನಾಗಿಯೇ ಹೇಳುತ್ತೇನೆ: ನದಿ ದಾಟಬೇಕೋ ಬೇಡವೋ ಎಂಬ ನಿರ್ಧಾರ ಹಿಂಡಿಗೆ ಬಿಟ್ಟದ್ದು, ಆ ನಿರ್ಧಾರಕ್ಕೆ ಬೇಕಾದ ಜಾಗವನ್ನು ಬಿಟ್ಟುಕೊಟ್ಟವರಿಗೇ ಒಳ್ಳೆಯ ಚಿತ್ರ ಸಿಗುತ್ತದೆ. ಅಂಚಿಗೆ ಹೋದ ವಾಹನದಿಂದ ಹೆಚ್ಚಿನ ಸಲ ಕಾಣಸಿಗುವುದು ತಿರುಗಿ ಓಡುವ ಪ್ರಾಣಿಗಳ ಬೆನ್ನು.

ಹಿಂಡು ದಡಕ್ಕೆ ಬಂದು ನಿಂತಾಗ ಏನು ನಡೆಯುತ್ತದೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಆನೆಗಳಿಗಿರುವಂತೆ ವಿಲ್ಡೆಬೀಸ್ಟ್ ಹಿಂಡಿಗೆ ದಾರಿ ತೋರುವ ಹಿರಿಯಳಿಲ್ಲ. ಹಿಂದಿನಿಂದ ಬರುವವು ಮುಂದಿನವುಗಳನ್ನು ಒತ್ತುತ್ತವೆ, ಮುಂದಿನವು ನೀರನ್ನು ಮೂಸಿ ಹಿಂದೆ ಸರಿಯುತ್ತವೆ, ಇನ್ನೊಂದು ಗುಂಪು ಬಂದು ಸೇರುತ್ತದೆ, ಒತ್ತಡ ಹೆಚ್ಚುತ್ತದೆ, ಯಾವುದೋ ಒಂದು ಹೆಜ್ಜೆ ಇಡುತ್ತದೆ. ಎಷ್ಟೋ ಸಲ ಮೊದಲು ಇಳಿಯುವುದು ಹಿಂಡಿನೊಂದಿಗೆ ಬಂದ ಜೀಬ್ರಾ. ಈ ಹಿಂಜರಿಕೆ ಹತ್ತು ನಿಮಿಷದಲ್ಲಿ ಮುಗಿಯಬಹುದು, ಐದು ಗಂಟೆಯ ಬಳಿಕವೂ ಮುಗಿಯದೆ ಹಿಂಡೆಲ್ಲ ಹುಲ್ಲುಗಾವಲಿಗೆ ಮರಳಬಹುದು. ಆ ಹೊತ್ತಿನಲ್ಲಿ ಅವು ಆಚೆ ದಡವನ್ನೇ ದಿಟ್ಟಿಸುತ್ತಿರುತ್ತವೆ. ಅಲ್ಲಿ ಒಂದು ವಾಹನ ಸರಿದರೆ, ಬಾಗಿಲು ಬಡಿದ ಸದ್ದಾದರೆ, ಬಣ್ಣದ ಬಟ್ಟೆಯೊಂದು ಎದ್ದು ನಿಂತರೆ ಅಷ್ಟೇ ಸಾಕು, ಮುಂದಿನ ಸಾಲು ತಿರುಗುತ್ತದೆ. ಉದ್ಯಾವರ ಹೊಳೆಯಲ್ಲಿ ಬೀಸುಬಲೆ ಹಿಡಿದು ನಿಂತವರನ್ನು ನೀವು ನೋಡಿರುತ್ತೀರಿ. ತಮ್ಮ ನೆರಳು ನೀರಿನ ಮೇಲೆ ಬೀಳದಂತೆ ಅವರು ನಿಲ್ಲುವ ಎಚ್ಚರವೇ ಇಲ್ಲಿಯೂ ಬೇಕು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಮೊದಲ ಸಲ ಮಾರಾಕ್ಕೆ ಹೋದಾಗ ಮೂರು ದಿನ ಕಾದು ಏನೂ ಸಿಗದೆ, ನಾಲ್ಕನೆಯ ದಿನ ಹಿಂಡು ದಡಕ್ಕೆ ಬಂದಾಗ, ಇನ್ನೂ ಸ್ವಲ್ಪ ಮುಂದೆ ಹೋಗೋಣವೆಂದು ಚಾಲಕನನ್ನು ಒತ್ತಾಯಿಸಿದವನು ನಾನೇ. ಅವರು ಒಪ್ಪದೆ ಎರಡು ಸಲ ತಲೆಯಾಡಿಸಿದರು, ಮೂರನೆಯ ಸಲ ಗಾಡಿ ಮುಂದೆ ಬಿಟ್ಟರು. ನಮ್ಮನ್ನು ಕಂಡು ಇನ್ನೂ ನಾಲ್ಕು ವಾಹನಗಳು ಬಂದವು. ಇಳಿಜಾರಾಗಿದ್ದ ಸಲೀಸಾದ ದಾರಿಯ ಎದುರು ನಾವು ನಿಂತಿದ್ದರಿಂದ ಹಿಂಡು ಕೆಳಗಿನ ತಿರುವಿಗೆ ಸರಿದು, ಮನೆಯ ಮಾಡಿನಷ್ಟು ಎತ್ತರದ ಕಡಿದಾದ ದಡದಿಂದ ಹಾರಿತು. ಒಂದರ ಮೇಲೊಂದು ಬಿದ್ದವು. ಆ ವರ್ಷದ ಕರುವೊಂದು ಮುಂಗಾಲು ಮುರಿದುಕೊಂಡು ಕಲ್ಲುಗಳ ನಡುವೆ ಏಳಲು ಯತ್ನಿಸುತ್ತಲೇ ಇತ್ತು. ಅಂದಿನ ನನ್ನ ಚಿತ್ರಗಳು ತಾಂತ್ರಿಕವಾಗಿ ಚೆನ್ನಾಗಿವೆ. ಅವುಗಳಲ್ಲಿ ಒಂದನ್ನೂ ನಾನು ಯಾರಿಗೂ ತೋರಿಸಿಲ್ಲ.

ಇದು ನನ್ನೊಬ್ಬನ ಅನುಭವವಲ್ಲ. 2025ರ ಜುಲೈನಲ್ಲಿ ತಾಂಜಾನಿಯಾದ ಸೆರೆಂಗೇಟಿಯಲ್ಲಿ ಪ್ರವಾಸಿಗರು ವಾಹನಗಳಿಂದ ಇಳಿದು ನದಿಯ ದಡದಲ್ಲಿ ಸಾಲಾಗಿ ನಿಂತು ಹಿಂಡಿನ ದಾರಿಯನ್ನೇ ಕಟ್ಟಿದ ವಿಡಿಯೊ ಜಗತ್ತಿನಾದ್ಯಂತ ಹರಡಿ ಭಾರೀ ಟೀಕೆಗೆ ಕಾರಣವಾಯಿತು. ಇಳಿದು ನಿಲ್ಲುವುದು ಮನುಷ್ಯರಿಗೂ ಅಪಾಯಕರ. ದಾಟುವ ಜಾಗಗಳ ಪೊದೆಗಳಲ್ಲಿ ಸಿಂಹಗಳು ಹೊಂಚು ಹಾಕುವುದು ಅಲ್ಲಿ ಸಾಮಾನ್ಯ ಸಂಗತಿ, ದಡದಲ್ಲಿ ಮೇಯಲು ಬಂದ ನೀರಾನೆಗೂ ನೀರಿಗೂ ನಡುವೆ ಸಿಕ್ಕಿಕೊಂಡ ಮನುಷ್ಯನಿಗೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ.

ಇನ್ನು ದೂರದ ಲೆಕ್ಕ. ನೀವು ಹತ್ತಿರ ಹೋಗಬೇಕಾದ ಅಗತ್ಯವೇ ಇಲ್ಲವೆಂಬುದನ್ನು ಗಣಿತವೇ ಹೇಳುತ್ತದೆ. ನಿಮ್ಮ ಕ್ಯಾಮೆರಾದ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ. 400 ಮಿ.ಮೀ.ಗೆ ಜೂಮ್ ಮಾಡಿದಾಗ 100 ಮೀಟರ್ ದೂರದಲ್ಲಿ ನಿಮ್ಮ ಚೌಕಟ್ಟಿಗೆ ಸಿಗುವುದು ಸುಮಾರು 6 ಮೀಟರ್ ಅಗಲದ ನೋಟ. ದೊಡ್ಡ ವಿಲ್ಡೆಬೀಸ್ಟ್ ಎರಡು ಮೀಟರಿನಷ್ಟು ಉದ್ದವಿರುತ್ತದೆ, ಅಂದರೆ ನೂರು ಮೀಟರ್ ಆಚೆ ನಿಂತ ಒಂದೇ ಪ್ರಾಣಿ ಚೌಕಟ್ಟಿನ ಮೂರನೆಯ ಒಂದು ಪಾಲನ್ನು ತುಂಬುತ್ತದೆ. 100 ಮಿ.ಮೀ.ಗೆ ಇಳಿಸಿದರೆ ಅದೇ ದೂರದಲ್ಲಿ 23 ಮೀಟರಿಗೂ ಹೆಚ್ಚು ಅಗಲದ ದೃಶ್ಯ, ಹಿಂಡಿನ ಹರಿವು ಕಾಣುವಷ್ಟು, ಸಿಗುತ್ತದೆ. ಫುಲ್‌ಫ್ರೇಮ್ (ಇನ್ನೂ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 600 ಮಿ.ಮೀ. ಲೆನ್ಸ್ ಕೊಡುವ ನೋಟವನ್ನೇ ನಿಮ್ಮ 400 ಕೊಡುತ್ತಿದೆ. ಹೊಸ ಲೆನ್ಸ್ ಕೊಳ್ಳಬೇಡಿ. ಆ ಹಣವನ್ನು ಅಲ್ಲಿ ಇನ್ನೆರಡು ದಿನ ಹೆಚ್ಚು ಉಳಿಯಲು ಬಳಸಿ. ಸಾಧ್ಯವಾದರೆ ಗೆಳೆಯರಿಂದ ಎರಡನೆಯ ಕ್ಯಾಮೆರಾವೊಂದನ್ನು ಕೇಳಿ ಪಡೆದು ಅದಕ್ಕೆ ನಿಮ್ಮ ಸಾಮಾನ್ಯ ಅಗಲನೋಟದ ಲೆನ್ಸ್ ಹಾಕಿಡಿ. ದಾಟುವ ಹಿಂಡಿನ ಧೂಳಿನಲ್ಲಿ ಲೆನ್ಸ್ ಬದಲಿಸುವುದೆಂದರೆ ಸೆನ್ಸರಿಗೆ ಮಣ್ಣೆರಚಿದಂತೆ.

ಮೊಸಳೆ ಹಿಡಿಯುವ ಕ್ಷಣದ ಬಗ್ಗೆ ಕೇಳಿದ್ದೀರಿ. ಆಸೆ ಸಹಜ, ಆದರೆ ಆ ಒಂದು ಚಿತ್ರಕ್ಕಾಗಿ ಕಣ್ಣು ನೆಟ್ಟು ಕುಳಿತರೆ ನದಿಯ ನಿಜವಾದ ಕಥೆ ತಪ್ಪಿಹೋಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಅಮಾಂಡಾ ಸುಬಲಸ್ಕಿ ಮತ್ತು ಸಂಗಡಿಗರು ಮಾರಾ ನದಿಯಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2001ರಿಂದ 2015ರವರೆಗಿನ ಲೆಕ್ಕದಲ್ಲಿ ವರ್ಷಕ್ಕೆ ಸರಾಸರಿ 6,250 ವಿಲ್ಡೆಬೀಸ್ಟ್‌ಗಳು ಕೆನ್ಯಾದ ಭಾಗದ ನದಿಯಲ್ಲಿ ಮುಳುಗಿ ಸತ್ತಿವೆ. ಆ ಕಳೇಬರಗಳಲ್ಲಿ ಮೊಸಳೆಗಳ ಪಾಲಾಗುವುದು ಶೇಕಡ 2ರಷ್ಟು ಮಾತ್ರ. ಉಳಿದದ್ದನ್ನು ರಣಹದ್ದು, ಮರಬೂ ಕೊಕ್ಕರೆ, ಮೀನು, ಹುಳುಹುಪ್ಪಟೆ ಮತ್ತು ನದಿಯ ನೀರೇ ಪಡೆಯುತ್ತವೆ. ಎಲುಬುಗಳು ಕರಗಲು ಏಳು ವರ್ಷದಷ್ಟು ಹಿಡಿಯುತ್ತದೆ, ಅಷ್ಟೂ ಕಾಲ ಅವು ನೀರಿಗೆ ರಂಜಕವನ್ನು ಬಿಡುತ್ತಿರುತ್ತವೆ. ಅಂದರೆ ಹಿಂಡಿಗೆ ದೊಡ್ಡ ಗಂಡಾಂತರವಾಗುವುದು ಮೊಸಳೆಯ ಬಾಯಿಗಿಂತ ಹೆಚ್ಚಾಗಿ ತುಂಬಿದ ನೀರಿನ ಸೆಳೆತ, ಏರಲಾಗದ ಆಚೆ ದಡ ಮತ್ತು ಹಿಂದಿನಿಂದ ಬರುವವುಗಳ ಒತ್ತಡ. ಆಚೆ ದಡದ ಹತ್ತುದಾರಿಗೆ ಅಡ್ಡವಾಗಿ ವಾಹನ ನಿಲ್ಲಿಸಬಾರದು ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ: ಮೊದಲು ದಾಟಿದವು ನಿಂತುಬಿಟ್ಟರೆ ನೀರಿನಲ್ಲಿರುವವುಗಳಿಗೆ ಮೇಲೇರಲು ಜಾಗವಿರುವುದಿಲ್ಲ, ಹಿಂದೆ ತಿರುಗಲೂ ಆಗುವುದಿಲ್ಲ.

ನೀರಿನ ಮಟ್ಟವನ್ನು ಓದಲು ಕರಾವಳಿಯವರಾದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಂಗಳೂರಿನಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಮಳೆ ಬಿದ್ದಾಗ ನೇತ್ರಾವತಿ ಕೆಂಪಾಗಿ ಉಕ್ಕುತ್ತದೆಯಲ್ಲವೇ? ಮಾರಾ ಹುಟ್ಟುವುದು ಉತ್ತರದ ಮೌ (Mau) ಎಂಬ ಕಾಡಿನ ಎತ್ತರ ಪ್ರದೇಶದಲ್ಲಿ. ಅಲ್ಲಿ ಮಳೆ ಸುರಿದರೆ ಕೆಳಗಿನ ಬಯಲಿನಲ್ಲಿ ಮೋಡವಿಲ್ಲದಿದ್ದರೂ ನದಿ ಏರುತ್ತದೆ, ನೀರಿನ ಬಣ್ಣ ಮಂದವಾಗುತ್ತದೆ, ಕಡ್ಡಿಕಸ ತೇಲಿ ಬರುತ್ತದೆ. ಬೆಳಿಗ್ಗೆ ದಡದ ಕಲ್ಲುಗಳ ಮೇಲಿನ ಒದ್ದೆಯ ಗೆರೆಯನ್ನು ನೋಡಿಟ್ಟುಕೊಂಡು ಮಧ್ಯಾಹ್ನ ಮತ್ತೆ ನೋಡಿ. ನೀರು ಏರಿದ ದಿನ ಹಿಂಡಿನ ಹಿಂಜರಿಕೆ ಹೆಚ್ಚು, ನಿಮ್ಮ ಹೊಣೆಯೂ ಹೆಚ್ಚು.

ಎಲ್ಲಿ ನಿಲ್ಲಬೇಕೆಂಬುದಕ್ಕೆ ಬೆಳಕು ಮತ್ತು ದಡ ಎರಡನ್ನೂ ಕೂಡಿಸಿ ಯೋಚಿಸಬೇಕು. ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶದ ವಿಸ್ತೀರ್ಣ ಸುಮಾರು 1,510 ಚದರ ಕಿಲೋಮೀಟರ್. ನದಿಯ ಪಶ್ಚಿಮಕ್ಕಿರುವ, 2001ರಿಂದ ಪ್ರತ್ಯೇಕ ಆಡಳಿತದಲ್ಲಿರುವ ಭಾಗವನ್ನು ಮಾರಾ ಟ್ರಯಾಂಗಲ್ ಎನ್ನುತ್ತಾರೆ. ನದಿ ಅಂಕುಡೊಂಕಾಗಿ ಹರಿಯುವುದರಿಂದ ಪ್ರತಿ ತಿರುವಿಗೂ ದಿಕ್ಕು ಬೇರೆಯೇ, ಆದರೂ ಸ್ಥೂಲವಾಗಿ ಹೇಳುವುದಾದರೆ ಪಶ್ಚಿಮ ದಡದಿಂದ ಬೆಳಗಿನ ಹೊತ್ತು ನೋಡುವವರಿಗೆ ಸೂರ್ಯ ಎದುರಿಗಿರುತ್ತಾನೆ, ಸಂಜೆ ಬೆನ್ನಿಗಿರುತ್ತಾನೆ. ಪೂರ್ವ ದಡದಲ್ಲಿ ಇದು ತಿರುವುಮುರುವು. ಎದುರು ಬೆಳಕಿಗೆ ಹೆದರಬೇಡಿ. ನನ್ನ ಮಟ್ಟಿಗೆ ದಾಟುವಿಕೆಯ ಅತ್ಯುತ್ತಮ ಚಿತ್ರಗಳು ಹುಟ್ಟುವುದು ಧೂಳಿನ ಹಿಂದೆ ಸೂರ್ಯನಿರುವಾಗಲೇ: ಧೂಳು ಚಿನ್ನದ ಬಣ್ಣಕ್ಕೆ ತಿರುಗುತ್ತದೆ, ಕೊಂಬು ಮತ್ತು ಗಡ್ಡದ ಅಂಚು ಹೊಳೆಯುತ್ತದೆ, ನೀರಿನ ಹನಿಗಳು ಬೇರೆ ಬೇರೆಯಾಗಿ ಕಾಣುತ್ತವೆ. ಆದರೆ ಮಾರಾ ಭೂಮಧ್ಯರೇಖೆಗೆ ತೀರ ಸಮೀಪವಿರುವುದರಿಂದ ಸೂರ್ಯ ಬೇಗನೆ ನೆತ್ತಿಗೇರುತ್ತಾನೆ, ಹಿತವಾದ ಬೆಳಕು ಒಂದು ಗಂಟೆಗಿಂತ ಹೆಚ್ಚು ಉಳಿಯುವುದಿಲ್ಲ. ಅನೇಕ ದಾಟುವಿಕೆಗಳು ನಡೆಯುವುದು ಬಿಸಿಲು ಏರಿದ ಮೇಲೆ. ಆಗ ಕಾದ ನೆಲದಿಂದ ಏಳುವ ಬಿಸಿಗಾಳಿಯಿಂದಾಗಿ ದೂರದ ದೃಶ್ಯ ನಡುಗಿದಂತೆ ಕಾಣುತ್ತದೆ, ಯಾವ ಲೆನ್ಸಿಗೂ ಅದನ್ನು ಸರಿಪಡಿಸಲಾಗದು. ಅಂಥ ಹೊತ್ತಿನಲ್ಲಿ 400 ಮಿ.ಮೀ. ಬಿಟ್ಟು, ಹಿಂಡು, ದಡ, ಧೂಳು ಮೂರೂ ಸೇರಿದ ಅಗಲವಾದ ಚಿತ್ರಕ್ಕೆ ಇಳಿಯುವುದು ಜಾಣತನ.

ಈಗ ಕ್ಯಾಮೆರಾದ ಹೊಂದಾಣಿಕೆಗೆ ಬರೋಣ. ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹಕ್ಕಿಗಳ ಅಭ್ಯಾಸವಿರುವವರು ಇಲ್ಲಿ ಎಡವುವುದು ಹೆಚ್ಚು. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಅಡ್ಡವಾಗಿ ಓಡುವ ಪ್ರಾಣಿ 1/500 ಸೆಕೆಂಡಿನಲ್ಲಿ ಎರಡು ಸೆಂಟಿಮೀಟರ್ ಸರಿಯುತ್ತದೆ. ನಿಮ್ಮ 6 ಮೀಟರ್ ಅಗಲದ ಚೌಕಟ್ಟಿನಲ್ಲಿ 6,000 ಪಿಕ್ಸೆಲ್‌ಗಳಿವೆ, ಅಂದರೆ ಒಂದು ಮಿಲಿಮೀಟರಿಗೆ ಒಂದು ಪಿಕ್ಸೆಲ್. ಎರಡು ಸೆಂಟಿಮೀಟರೆಂದರೆ ಇಪ್ಪತ್ತು ಪಿಕ್ಸೆಲ್‌ಗಳಷ್ಟು ಕಲಸಿಹೋದಂತೆ. 1/2000ಕ್ಕೆ ಏರಿಸಿದರೆ ಅದು ಐದು ಪಿಕ್ಸೆಲ್‌ಗೆ ಇಳಿಯುತ್ತದೆ. ಆದ್ದರಿಂದ ಹಾರುವ, ಚಿಮ್ಮುವ ಕ್ಷಣಗಳಿಗೆ ಶಟರ್ ವೇಗವನ್ನು 1/2000 ಇಟ್ಟುಕೊಳ್ಳಿ, ಬೆಳಕು ಕಡಿಮೆಯಾದರೆ 1/1250ರವರೆಗೆ ಇಳಿಯಿರಿ. ಅಪರ್ಚರ್ (ಲೆನ್ಸ್ ಬೆಳಕಿಗೆ ತೆರೆದುಕೊಳ್ಳುವ ಅಳತೆ) ಎಫ್/7.1 ಅಥವಾ ಎಫ್/8 ಇರಲಿ. ಒಂದೇ ಹಕ್ಕಿಯನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಕೆಲಸ ಇದಲ್ಲ, ಮೂರು ನಾಲ್ಕು ಸಾಲು ಪ್ರಾಣಿಗಳು ಗುರುತಿಸುವಷ್ಟಾದರೂ ಸ್ಪಷ್ಟವಾಗಿರಬೇಕು. ಒಳ್ಳೆಯ ಬಿಸಿಲಿನಲ್ಲಿ ಇದಕ್ಕೆ, ಬೆಳಕಿಗೆ ಸೆನ್ಸರಿನ ಸಂವೇದನೆಯ ಅಳತೆಯಾದ ಐಎಸ್‌ಒ 500ರ ಆಸುಪಾಸು ಸಾಕಾಗುತ್ತದೆ, ಮೋಡ ಕವಿದಾಗ 1600 ಅಥವಾ 3200ಕ್ಕೆ ಹೋಗಲು ಹಿಂಜರಿಯಬೇಡಿ. ಸಣ್ಣ ಚುಕ್ಕೆಗಳು (ನಾಯ್ಸ್) ಮೂಡಿದ ಸ್ಪಷ್ಟ ಚಿತ್ರವನ್ನು ಮನೆಗೆ ಬಂದು ಸುಧಾರಿಸಬಹುದು, ಕಲಸಿಹೋದದ್ದನ್ನಲ್ಲ.

ಎಕ್ಸ್‌ಪೋಷರ್ (ಸೆನ್ಸರಿಗೆ ಬೀಳುವ ಬೆಳಕಿನ ಪ್ರಮಾಣ) ವಿಷಯದಲ್ಲಿ ವಿಲ್ಡೆಬೀಸ್ಟ್ ಕಠಿಣ ಪ್ರಾಣಿ. ಮೈ ಬೂದುಗಪ್ಪು, ಮುಖ ಇನ್ನೂ ಕಪ್ಪು, ಸುತ್ತಲೂ ಬಿಳಿಚಿದ ಧೂಳು ಮತ್ತು ಮಿನುಗುವ ನೀರು. ಹಿಂಡು ಚೌಕಟ್ಟು ತುಂಬಿದಾಗ ಕ್ಯಾಮೆರಾ ಆ ಕಪ್ಪನ್ನು ಬೂದು ಮಾಡಲು ಹೊರಟು ನೀರಿನ ಚಿಮ್ಮುವಿಕೆಯನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್‌ನ ಮೂರನೆಯ ಎರಡು ಪಾಲಿನಷ್ಟು, ಅಂದರೆ ಮೈನಸ್ 0.7ರಷ್ಟು ಕಡಿಮೆ ಮಾಡಿ. ಸೂರ್ಯ ಎದುರಿಗಿದ್ದರೆ ಮೈನಸ್ 1. ಕ್ಯಾಮೆರಾ ಸಂಸ್ಕರಿಸದ ರಾ ಫೈಲ್‌ನಲ್ಲಿ ತೆಗೆದರೆ ನೆರಳಿನ ವಿವರವನ್ನು ಬಳಿಕ ಎತ್ತಬಹುದು. ಫೋಕಸಿಗೆ ಸಂಬಂಧಿಸಿ ಹೇಳುವುದಾದರೆ, ಚೌಕಟ್ಟಿನ ಎಲ್ಲ ಬಿಂದುಗಳನ್ನೂ ತೆರೆದಿಟ್ಟರೆ ಕ್ಯಾಮೆರಾ ಹತ್ತಿರದ ಚಿಮ್ಮಿದ ಹನಿಯನ್ನೇ ಹಿಡಿಯುತ್ತದೆ. ಸಣ್ಣ ಗುಂಪಿನ ಬಿಂದುಗಳನ್ನು ಆರಿಸಿ, ಒಂದು ಪ್ರಾಣಿಯನ್ನು ದಡದಲ್ಲಿರುವಾಗಲೇ ಹಿಡಿದು, ಅದು ನೀರಿಗಿಳಿದು ಆಚೆ ಹತ್ತುವವರೆಗೂ ಅದನ್ನೇ ಅನುಸರಿಸಿ. ಮಿರರ್‌ಲೆಸ್ ಕ್ಯಾಮೆರಾವಾದರೆ ಎಲೆಕ್ಟ್ರಾನಿಕ್ ಶಟರ್ ಬದಲು ಮೆಕ್ಯಾನಿಕಲ್ ಶಟರ್ ಬಳಸಿ. ಇಲ್ಲವಾದರೆ ಅನೇಕ ಮಾದರಿಗಳಲ್ಲಿ ಓಡುವ ಕಾಲುಗಳು ಓರೆಯಾಗಿ ಮೂಡುತ್ತವೆ. ಬೆರಳನ್ನು ಗುಂಡಿಯ ಮೇಲೆ ಒತ್ತಿಯೇ ಇಟ್ಟರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ನೆನಪು) ತುಂಬಿ ಕ್ಯಾಮೆರಾ ನಿಂತುಬಿಡುತ್ತದೆ, ಅದೂ ಬೇಕಾದ ಕ್ಷಣದಲ್ಲೇ. ಒಂದು ಸಲಕ್ಕೆ ಮೂರು ನಾಲ್ಕು ಚಿತ್ರ, ಮತ್ತೆ ಒಂದು ಉಸಿರಿನ ಬಿಡುವು.

ದಾಟುವಿಕೆ ದೀರ್ಘವಾದರೆ, ಇಪ್ಪತ್ತು ನಿಮಿಷ ಕಳೆದರೂ ಸಾಲು ಮುಗಿಯದಿದ್ದರೆ, ಶಟರನ್ನು 1/30ಕ್ಕೆ ಇಳಿಸಿ ಓಡುವ ದಿಕ್ಕಿನಲ್ಲಿ ಕ್ಯಾಮೆರಾವನ್ನು ಸಾವಕಾಶವಾಗಿ ಹೊರಳಿಸಿ ಕೆಲವು ಚಿತ್ರ ತೆಗೆಯಿರಿ. ಹತ್ತರಲ್ಲಿ ಒಂಬತ್ತು ಕೆಡುತ್ತವೆ. ಉಳಿದ ಒಂದರಲ್ಲಿ ಹಿಂಡು ನದಿಯಂತೆಯೇ ಹರಿಯುವುದು ಕಾಣುತ್ತದೆ.

ಇದನ್ನೆಲ್ಲ ಅಭ್ಯಾಸ ಮಾಡಲು ನಿಮಗಿರುವಂಥ ಅವಕಾಶ ಬೇರೆ ಯಾವ ಊರಿನವರಿಗೂ ಇಲ್ಲ. ನವೆಂಬರಿನಿಂದ ಬೇಸಿಗೆಯ ಆರಂಭದವರೆಗೆ ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡೂ ಜಿಲ್ಲೆಗಳಲ್ಲಿ ಕಂಬಳಗಳಿವೆ. ಕಪ್ಪು ಮೈಯ ಕೋಣ, ಕೆಸರು ನೀರು, ಮುಖ ಮುಚ್ಚುವಷ್ಟು ಚಿಮ್ಮುವಿಕೆ, ಹನ್ನೆರಡು ಹದಿಮೂರು ಸೆಕೆಂಡಿನಲ್ಲಿ ಎಲ್ಲ ಮುಗಿಯುವ ಓಟ: ಮಾರಾದಲ್ಲಿ ನಿಮ್ಮ ಕ್ಯಾಮೆರಾಕ್ಕೆ ಎದುರಾಗುವ ಎಲ್ಲ ಸಮಸ್ಯೆಗಳೂ ಇಲ್ಲಿವೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೆ ನೆನಪಿರಬಹುದು. ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಹತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು, ಮೇಲೆ ಶಟರಿನ ಲೆಕ್ಕಕ್ಕೆ ನಾನು ತೆಗೆದುಕೊಂಡ ವೇಗವೇ. ಮಂಜೊಟ್ಟಿಯ (ಓಟ ಮುಗಿಯುವ ಕೊನೆ) ಬಳಿ ಎದುರಿನಿಂದ ತೆಗೆಯುವುದು ಫೋಕಸಿಗೆ ಒಳ್ಳೆಯ ಪರೀಕ್ಷೆ, ಕರೆಯ (ಓಟದ ಗದ್ದೆ) ಬದಿಯಲ್ಲಿ ನಿಂತು ತೆಗೆಯುವುದು ಹೊರಳಿಸುವ ಅಭ್ಯಾಸಕ್ಕೆ ಸೂಕ್ತ. ನೀರನ್ನು ಎತ್ತರಕ್ಕೆ ಚಿಮ್ಮಿಸುವ ಸ್ಪರ್ಧೆಯಾದ ಕನೆಹಲಗೆಯ ಓಟದಲ್ಲಿ ನೀರು ನಿಶಾನೆಯೆತ್ತರಕ್ಕೆ ಚಿಮ್ಮುವಾಗ ಕಪ್ಪು ಮೈ ಮತ್ತು ಬಿಳಿ ನೀರು ಎರಡನ್ನೂ ಉಳಿಸಿಕೊಳ್ಳುವ ಎಕ್ಸ್‌ಪೋಷರ್ ಕಂಡುಕೊಳ್ಳಿ. ಬೆಳಗಾಗುವ ಹೊತ್ತಿನ ಎದುರು ಬೆಳಕಿನಲ್ಲೂ, ನಡುಮಧ್ಯಾಹ್ನದಲ್ಲೂ ತೆಗೆಯಿರಿ. ಒಂದು ಋತುವಿನಲ್ಲಿ ನಾಲ್ಕು ಕಂಬಳಕ್ಕೆ ಹೋದರೆ ಆಗಸ್ಟಿನ ಹೊತ್ತಿಗೆ ನಿಮ್ಮ ಬೆರಳುಗಳು ಗುಂಡಿಗಳನ್ನು ನೋಡದೆಯೇ ಹುಡುಕಿಕೊಳ್ಳುತ್ತವೆ. ದಾಟುವಿಕೆ ಆರಂಭವಾದಾಗ ಮೆನು ತೆರೆದು ಹುಡುಕುವವರಿಗೆ ಏನೂ ಸಿಗುವುದಿಲ್ಲ.

ಕಂಬಳ ಕಲಿಸದ ಒಂದು ಸಂಗತಿಯಿದೆ, ಕಾಯುವುದು. ಅದನ್ನು ನೀವು ಮಲ್ಪೆಯ ಹಕ್ಕಿಗಳ ಬಳಿ ಕಲಿತಿದ್ದೀರಿ ಎಂದುಕೊಳ್ಳುತ್ತೇನೆ.

ನಿಮ್ಮ ಪ್ರಯಾಣ ತುಳುನಾಡಿನ ಮಳೆಗಾಲದ ಆಟಿ ತಿಂಗಳ ಆಸುಪಾಸಿಗೆ ಬರುತ್ತದೆ. ಜೂನ್, ಜುಲೈ ಎರಡು ತಿಂಗಳು ನಮ್ಮ ಗಾಳಿಯ ತೇವದಲ್ಲಿ ಕಪಾಟಿನೊಳಗಿದ್ದ ಲೆನ್ಸಿನಲ್ಲಿ ಬೂಷ್ಟು ಹಿಡಿದಿದೆಯೇ ಎಂದು ಹೊರಡುವ ಎರಡು ವಾರ ಮೊದಲೇ ಟಾರ್ಚ್ ಬೆಳಕಿನಲ್ಲಿ ನೋಡಿ, ಬೇಕಿದ್ದರೆ ಶುಚಿ ಮಾಡಿಸಲು ಸಮಯವಿರಲಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡುವುದು ನಿಮಗೆ ಹೊಸತಲ್ಲ. ಆದರೆ ಮಳೆಗಾಲದ ಅಭ್ಯಾಸದಂತೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಒಯ್ಯಬೇಡಿ; ಕೆನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಚೀಲಗಳಿಗೆ ಕಟ್ಟುನಿಟ್ಟಾದ ನಿಷೇಧವಿದೆ. ಬಟ್ಟೆಯ ಹೊದಿಕೆ, ಹಳೆಯ ತಲೆದಿಂಬಿನ ಚೀಲ ಧೂಳಿಗೆ ಅದಕ್ಕಿಂತ ಒಳ್ಳೆಯದು. ಟ್ರೈಪಾಡ್ ಬೇಡ, ವಾಹನದಲ್ಲಿ ಅದಕ್ಕೆ ಜಾಗವಿಲ್ಲ. ಖಾಲಿ ಬೀನ್‌ಬ್ಯಾಗ್ ಒಯ್ದು ಅಲ್ಲಿ ಅಕ್ಕಿಯನ್ನೋ ಕಾಳನ್ನೋ ತುಂಬಿಸಿಕೊಳ್ಳಿ. ತೆರೆದ ಮಾಡಿನಿಂದ ತೆಗೆಯುವುದಕ್ಕಿಂತ ಕಿಟಕಿಯ ಅಂಚಿನ ಮೇಲೆ ಚೀಲವಿಟ್ಟು ತೆಗೆದರೆ ನೋಟ ಪ್ರಾಣಿಗಳ ಮಟ್ಟಕ್ಕೆ ಇಳಿಯುತ್ತದೆ. ಎಂಜಿನ್ ಆರಿಸಲು ಹೇಳಿ, ಗೆಳೆಯರು ಗಾಡಿಯೊಳಗೆ ಓಡಾಡದಂತೆ ಮೊದಲೇ ಮಾತಾಡಿಕೊಳ್ಳಿ. ಒಬ್ಬರು ಪಕ್ಕಕ್ಕೆ ಸರಿದರೂ 400 ಮಿ.ಮೀ.ನಲ್ಲಿ ಅದು ಭೂಕಂಪದಂತೆ ಕಾಣುತ್ತದೆ.

ಪ್ರಯಾಣದ ಉಳಿದ ಸಂಗತಿಗಳನ್ನು ಚುಟುಕಾಗಿ ಹೇಳುತ್ತೇನೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಮುಂಬೈ, ಮುಂಬೈಯಿಂದ ನೈರೋಬಿಗೆ ಆರು ಗಂಟೆಯ ಆಸುಪಾಸಿನ ವಿಮಾನಯಾನ. 2024ರ ಜನವರಿಯಿಂದ ಕೆನ್ಯಾಕ್ಕೆ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಪಡೆಯಬೇಕಾಗಿದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಳ್ಳಿ. ಆ ಪ್ರಮಾಣಪತ್ರವಿಲ್ಲದೆ ಮರಳಿದರೆ ಭಾರತದಲ್ಲಿ ಪ್ರತ್ಯೇಕವಾಸಕ್ಕೆ ಒಳಗಾಗಬೇಕಾಗುತ್ತದೆ. ನೈರೋಬಿಯಿಂದ ಮಾರಾಕ್ಕೆ ಸಣ್ಣ ವಿಮಾನದಲ್ಲಿ ಹೋಗುವುದಾದರೆ ಸಾಮಾನ್ಯವಾಗಿ 15 ಕಿಲೋ ಮಿತಿ, ಅದೂ ಮೆದುವಾದ ಚೀಲಗಳಲ್ಲಿ. ಮಾರಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಬೆಳಗಿನ ಹೊತ್ತು ನಮ್ಮಂಥವರಿಗೆ ಸ್ವೆಟರ್ ಬೇಕೇ ಬೇಕು. ಡ್ರೋನ್ ಒಯ್ಯುವ ಯೋಚನೆಯನ್ನೇ ಬಿಡಿ.

ದಿನಗಳ ಲೆಕ್ಕಕ್ಕೆ ಬಂದರೆ, ನಾಲ್ಕು ದಿನ ಸಾಲದು ಎನ್ನುತ್ತೇನೆ, ಆರು ದಿನವಿಟ್ಟುಕೊಳ್ಳಿ. ಸೆರೆಂಗೇಟಿಯಿಂದ ಹಿಂಡುಗಳು ಮಾರಾಕ್ಕೆ ಬರುವುದು ಜುಲೈಯಿಂದ, ಮರಳುವುದು ಅಕ್ಟೋಬರ್, ನವೆಂಬರಿನಲ್ಲಿ. ನಡುವೆ ಅದೇ ಹಿಂಡು ಅದೇ ನದಿಯನ್ನು ಆಚೆ ಈಚೆ ಹಲವು ಸಲ ದಾಟಬಹುದು. ಅವು ಅನುಸರಿಸುವುದು ಮಳೆಯನ್ನು ಮತ್ತು ಹುಲ್ಲನ್ನು, ನಮ್ಮ ರಜೆಯನ್ನಲ್ಲ. ಪ್ರವೇಶ ಶುಲ್ಕ ಮಾತ್ರ ಹಗುರವಲ್ಲ: 2024ರಿಂದ ಜುಲೈ–ಡಿಸೆಂಬರ್ ಅವಧಿಗೆ ವಿದೇಶೀಯರಿಗೆ ದಿನಕ್ಕೆ 200 ಡಾಲರ್ ನಿಗದಿಯಾಗಿದೆ. ಬುಕಿಂಗ್ ಮಾಡುವ ಮೊದಲು ಆಗಿನ ದರವನ್ನು ಇನ್ನೊಮ್ಮೆ ಕೇಳಿಕೊಳ್ಳಿ. ಇಷ್ಟು ಖರ್ಚು ಮಾಡಿ ಹೋದವರಿಗೆ ಇಂದೇ ಸಿಗಲೇಬೇಕೆಂಬ ಒತ್ತಡ ಬರುವುದು ನನಗೆ ಅರ್ಥವಾಗುತ್ತದೆ. ಚಾಲಕರು ಅಂಚಿಗೆ ಒಯ್ಯುವುದು ಆ ಒತ್ತಡವನ್ನು ನಮ್ಮ ಮುಖದಲ್ಲಿ ಓದಿಯೇ. ಆದ್ದರಿಂದ ಮೊದಲ ದಿನವೇ ಅವರೊಂದಿಗೆ ಕುಳಿತು ಮಾತಾಡಿ: ದಾಟುವಿಕೆ ಸಿಗದಿದ್ದರೂ ನಿಮ್ಮ ಇನಾಮು ಕಡಿಮೆಯಾಗದು, ದೂರದಲ್ಲಿ ನಿಂತು ಕಾಯುವುದೇ ನಮಗೆ ಬೇಕು ಎಂದು ಸ್ಪಷ್ಟವಾಗಿ ಹೇಳಿ. ನಿಧಾನ ಎನ್ನಲು ಸ್ವಾಹಿಲಿಯಲ್ಲಿ ಪೋಲೆ ಪೋಲೆ ಎನ್ನುತ್ತಾರೆ; ಪ್ರವಾಸಿಗರ ಬಾಯಿಂದ ಆ ಮಾತು ಬಂದಾಗ ಒಳ್ಳೆಯ ಚಾಲಕರ ಮುಖ ಅರಳುವುದನ್ನು ಕಂಡಿದ್ದೇನೆ. ಹಿಂಡು ಸೇರುವಾಗ ದೂರದ ದಿಬ್ಬದಲ್ಲಿ ನಿಂತು, ಮೊದಲ ಸಾಲು ನೀರಿಗಿಳಿದು ಹರಿವು ಗಟ್ಟಿಯಾದ ಮೇಲಷ್ಟೇ, ಹತ್ತುದಾರಿಯನ್ನು ಬಿಟ್ಟು ಪಕ್ಕದಿಂದ ಸಾವಕಾಶವಾಗಿ ಸಮೀಪಿಸುವುದು ಅನುಭವಿಗಳ ಕ್ರಮ. ಪಕ್ಕದಿಂದ ನೋಡಿದಾಗ ಎರಡೂ ದಡಗಳು ಒಂದೇ ಚೌಕಟ್ಟಿಗೆ ಬರುತ್ತವೆ, ಚಿತ್ರಕ್ಕೂ ಅದೇ ಒಳ್ಳೆಯದು.

ಮೊಸಳೆ ಹಿಡಿದರೆ ತೆಗೆಯಬಾರದೇ ಎಂದು ನೀವು ಕೇಳಬಹುದು. ತೆಗೆಯಿರಿ, ಅದೂ ಆ ನದಿಯ ಬದುಕೇ. ನೀರಿನಲ್ಲಿ ತೇಲುವ ತಲೆಗಳ ಸಾಲಿನಲ್ಲಿ ಒಂದು ತಲೆ ಸಾಲು ಬಿಟ್ಟು ತಿರುಗಿದ್ದನ್ನು ಕಂಡರೆ ಅಲ್ಲಿಗೆ ಲೆನ್ಸ್ ಒಯ್ಯಿರಿ. ಆದರೆ ಮೊಸಳೆಯಿರುವ ಕಡೆಗೆ ಹಿಂಡು ಸರಿಯುವಂತೆ ವಾಹನ ನಿಲ್ಲಿಸುವುದಕ್ಕೂ, ತಾನಾಗಿ ನಡೆದದ್ದನ್ನು ಕಾಣುವುದಕ್ಕೂ ಅಜಗಜಾಂತರವಿದೆ.

ಕೊನೆಯ ಪ್ರಾಣಿ ದಡ ಹತ್ತಿದ ಕೂಡಲೇ ಹೆಚ್ಚಿನ ವಾಹನಗಳು ಹೊರಟುಹೋಗುತ್ತವೆ. ನೀವು ಹೊರಡಬೇಡಿ. ಗದ್ದಲದಲ್ಲಿ ತಾಯಿಯಿಂದ ಬೇರ್ಪಟ್ಟ ಕರುಗಳು ಆಗ ಕೂಗತೊಡಗುತ್ತವೆ. ಆಚೆ ದಡ ಸೇರಿದ ತಾಯಿ ತಿರುಗಿ ನಿಂತು, ಬಂದ ದಾರಿಯನ್ನೇ ನೋಡುತ್ತ, ಸಾಲಿನ ಉದ್ದಕ್ಕೂ ಮೂಸುತ್ತ ಹುಡುಕುತ್ತದೆ. ಕೆಲವು ತಾಯಂದಿರು ಈಗಷ್ಟೇ ಉಳಿದುಬಂದ ಅದೇ ನೀರಿಗೆ ಮತ್ತೆ ಇಳಿದು ಈಚೆ ಬರುತ್ತವೆ. ಧೂಳು ಇಳಿದಿರುತ್ತದೆ, ಒದ್ದೆ ಮೈ ಹೊಳೆಯುತ್ತಿರುತ್ತದೆ, ಓಟವಿಲ್ಲದ್ದರಿಂದ 1/640 ಸಾಕು. ಎಂಜಿನ್ ಆರಿಸಿಯೇ ಇಟ್ಟು, ತಾಯಿ ಮತ್ತು ಕರು ಒಂದನ್ನೊಂದು ಕಂಡುಕೊಳ್ಳುವವರೆಗೆ ಗಾಡಿ ಅಲ್ಲೇ ನಿಲ್ಲಲಿ.